ಮಜ್ಜಿಗೆ, ಅಂಬಲಿ ಮತ್ತು ಹೊಟ್ಟೆಯೊಳಗಿನ ಬೇಸಾಯ

(ರಾಗಿ ಒಕ್ಕಣೆ ಮುಗಿದ ಬಳಿಕ ನೆರೆದ ರೈತರ ಕೂಟದಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಈ ದಿನ ನಾನು ಗೊಬ್ಬರದ ವಿಷಯವನ್ನಾಗಲಿ, ಬಿತ್ತನೆ ಬೀಜದ ವಿಷಯವನ್ನಾಗಲಿ ಹೇಳಲು ನಿಂತಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಹಳ್ಳಿಗಳಲ್ಲಿ ತಿರುಗುವಾಗ ಇತ್ತೀಚೆಗೆ ಹಲವರು ನನ್ನನ್ನು ಒಂದೇ ಪ್ರಶ್ನೆ ಕೇಳಿದ್ದಾರೆ. “ಪ್ರೋಬಯಾಟಿಕ್ ಎಂಬ ಪುಡಿ ಬಂದಿದೆಯಂತಲ್ಲ? ಅದನ್ನು ತಿಂದರೆ ಸಕ್ಕರೆ ಕಾಯಿಲೆ ಹೋಗುತ್ತದಂತೆ, ಮನಸ್ಸಿನ ಬೇನೆಯೂ ಹೋಗುತ್ತದಂತೆ. ನಿಜವೇ?” ಎಂಬುದೇ ಆ ಪ್ರಶ್ನೆ. ಒಂದೂರಿನಲ್ಲಿ ರೇಷ್ಮೆ ಬೆಳೆಗಾರರೊಬ್ಬರು ಸಂತೆಯಲ್ಲಿ ಇಂಥ ಡಬ್ಬಿಯೊಂದನ್ನು ಕೊಂಡು, ವೈದ್ಯರು ಕೊಟ್ಟಿದ್ದ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ನಿಲ್ಲಿಸಿಬಿಟ್ಟಿದ್ದರು. ಎರಡು ತಿಂಗಳಲ್ಲಿ ಅವರ ಕಾಲಿನ ಹುಣ್ಣು ಮಾಯದೆ ದೊಡ್ಡದಾಯಿತು. ಆದುದರಿಂದ ಈ ವಿಷಯದಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂಬುದನ್ನು ತಮ್ಮ ಮುಂದೆ ಬಿಚ್ಚಿಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ. ನಾನು ವೈದ್ಯನಲ್ಲ, ಕೃಷಿ ಡಿಪ್ಲೊಮಾ ಓದಿದವನು. ಆದರೆ ಈ ವಿಷಯದ ಮುಕ್ಕಾಲು ಭಾಗ ಕೃಷಿಯೇ ಆಗಿರುವುದರಿಂದ ಧೈರ್ಯ ಮಾಡಿದ್ದೇನೆ.

ಮೊದಲು ಹಸುವಿನಿಂದ ಪ್ರಾರಂಭಿಸೋಣ. ಹಸು ಒಣ ಹುಲ್ಲನ್ನು ತಿಂದು ಹಾಲು ಕೊಡುತ್ತದೆ. ಆ ಹುಲ್ಲನ್ನು ಜೀರ್ಣಿಸುವ ಶಕ್ತಿ ಹಸುವಿಗಿದೆಯೇ? ಇಲ್ಲ. ಅದರ ಮೆಲುಕು ಚೀಲದಲ್ಲಿ ಕೋಟ್ಯಂತರ ಅಣುಜೀವಿಗಳು ವಾಸವಾಗಿವೆ. ಅವೇ ಹುಲ್ಲನ್ನು ಹುಳಿಯಿಸಿ, ಒಡೆದು, ಕೆಲವು ಸಣ್ಣ ಆಮ್ಲಗಳನ್ನಾಗಿ ಮಾಡುತ್ತವೆ. ಹಸುವಿಗೆ ಬೇಕಾದ ಶಕ್ತಿಯಲ್ಲಿ ನೂರಕ್ಕೆ ಸುಮಾರು 70 ಭಾಗ ಈ ಆಮ್ಲಗಳಿಂದಲೇ ಬರುತ್ತದೆ. ಹಾಗೆ ನೋಡಿದರೆ ನಾವು ಹುಲ್ಲು ಹಾಕುವುದು ಹಸುವಿಗಲ್ಲ, ಅದರ ಹೊಟ್ಟೆಯೊಳಗಿನ ಮಂದೆಗೆ.

ಆ ಮಂದೆ ಕೆಟ್ಟರೆ ಏನಾಗುತ್ತದೆಂಬುದನ್ನು ತಮಗೆ ನಾನು ಹೇಳಬೇಕಾಗಿಲ್ಲ. ಮದುವೆ ಮನೆಯಲ್ಲಿ ಉಳಿದ ಅನ್ನವನ್ನು, ಪಾಪ ಹಸು ತಿನ್ನಲಿ ಎಂದು ಒಂದು ಬಾನಿ ತುಂಬ ಸುರಿದು, ಮರುದಿನ ಪಶುವೈದ್ಯರಿಗಾಗಿ ಓಡಿದವರು ಈ ಸಭೆಯಲ್ಲೇ ಇರಬಹುದು. ಅನ್ನದ ಹಿಟ್ಟನ್ನು ತಿನ್ನುವ ಅಣುಜೀವಿಗಳು ಒಮ್ಮೆಲೇ ಹೆಚ್ಚಿ, ಹುಳಿ ವಿಪರೀತವಾಗಿ, ಹುಲ್ಲು ತಿನ್ನುವ ಅಣುಜೀವಿಗಳು ಸತ್ತು, ಹಸು ಮೇವು ಬಿಟ್ಟು ಮಲಗುತ್ತದೆ. ಅನ್ನ ವಿಷವಲ್ಲ. ಒಳಗಿನ ಮಂದೆಗೆ ಅದು ಒಗ್ಗದು, ಅಷ್ಟೆ.

ರೇಷ್ಮೆ ಹುಳುವಿನ ಸಪ್ಪೆ ರೋಗವನ್ನು ತೆಗೆದುಕೊಳ್ಳಿ. ಬಲಿತ ಸೊಪ್ಪು, ಒದ್ದೆ ಸೊಪ್ಪು, ಗಾಳಿಯಾಡದ ಮನೆ, ಬೇಸಗೆಯ ಸೆಖೆ, ಇವುಗಳಿಂದ ಹುಳು ಸೊರಗಿದಾಗ ಅದರ ಕರುಳಿನಲ್ಲಿ ಕೆಟ್ಟ ಅಣುಜೀವಿಗಳು ಹೆಚ್ಚಿ ಹುಳು ಸಾಯುತ್ತದೆ. ರಾಮನಗರದ ಗೂಡಿನ ಮಾರುಕಟ್ಟೆಗೆ ಗೂಡು ಸಾಗಿಸುವ ಯಾವ ರೈತನೂ ಈ ಮಾತನ್ನು ಅಲ್ಲಗಳೆಯಲಾರ. ಹಸುವಿನ ಹೊಟ್ಟೆ, ಹುಳುವಿನ ಕರುಳು ನಮಗೆ ತಿಳಿದಿರುವಷ್ಟು ನಮ್ಮ ಕರುಳು ನಮಗೆ ತಿಳಿದಿಲ್ಲವೆಂಬುದು ಒಂದು ವಿನೋದ.

ಮನುಷ್ಯನಿಗೆ ಮೆಲುಕು ಚೀಲವಿಲ್ಲ. ಆದರೆ ದೊಡ್ಡ ಕರುಳಿದೆ. ಅಲ್ಲಿ ವಾಸಿಸುವ ಅಣುಜೀವಿಗಳ ಸಂಖ್ಯೆ ನಮ್ಮ ದೇಹದ ಜೀವಕೋಶಗಳ ಸಂಖ್ಯೆಗೆ ಹೆಚ್ಚುಕಡಿಮೆ ಸಮವೆಂದು 2016ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ಒಟ್ಟು ತೂಕ ಸುಮಾರು 200 ಗ್ರಾಂ. ನಾವು ತಿಂದ ಅನ್ನ, ಬೆಲ್ಲ, ತುಪ್ಪ ಮೇಲಿನ ಸಣ್ಣ ಕರುಳಿನಲ್ಲೇ ರಕ್ತಕ್ಕೆ ಸೇರಿಹೋಗುತ್ತವೆ. ದೊಡ್ಡ ಕರುಳಿನವರೆಗೆ ಇಳಿಯುವುದು ನಾರು ಮಾತ್ರ. ರಾಗಿಯ ಹೊಟ್ಟು, ಹುರುಳಿ, ಅವರೆ, ಬೆರಕೆ ಸೊಪ್ಪು, ಇವುಗಳ ನಾರೇ ಆ ಅಣುಜೀವಿಗಳ ಮೇವು. ಅವರೆಕಾಳಿನ ಕಾಲದಲ್ಲಿ ಮಾಗಡಿ ಕಡೆಯ ಮನೆಗಳಲ್ಲಿ ಹೊಟ್ಟೆ ಗುಡುಗುಡು ಎನ್ನುವುದಲ್ಲ, ಅದು ಈ ಮಂದೆ ಮೇಯುವ ಸದ್ದು! ನಗುವ ವಿಷಯವಾದರೂ ಸತ್ಯವೇ.

ಈ ಮೇವನ್ನು ಮೇದು ಅವು ಕೊಡುವ ಆಮ್ಲಗಳಲ್ಲಿ ಒಂದರ ಹೆಸರು ಬ್ಯುಟಿರಿಕ್ ಆಮ್ಲ. ಬೆಣ್ಣೆಯಲ್ಲಿ ಮೊದಲು ಸಿಕ್ಕಿದ್ದರಿಂದ ಬೆಣ್ಣೆಯ ಹೆಸರನ್ನೇ ಅದಕ್ಕೆ ಇಟ್ಟರು. ದೊಡ್ಡ ಕರುಳಿನ ಒಳಗೋಡೆಯ ಕೋಶಗಳಿಗೆ ಇದೇ ಮುಖ್ಯ ಆಹಾರ. ಗೋಡೆ ಗಟ್ಟಿಯಾಗಿದ್ದರೆ ಕರುಳಿನ ಕಶ್ಮಲ ರಕ್ತಕ್ಕೆ ಜಿನುಗದು. ಅಲ್ಲದೆ ಈ ಆಮ್ಲಗಳು ಕರುಳಿನ ಕೆಲವು ಕೋಶಗಳನ್ನು ಎಚ್ಚರಿಸುತ್ತವೆ. ಆ ಕೋಶಗಳು ರಕ್ತಕ್ಕೆ ಬಿಡುವ ಒಂದು ರಸವು ಹಸಿವನ್ನು ತಗ್ಗಿಸಿ, ಇನ್ಸುಲಿನ್ ಸುರಿಯಲು ಸಹಾಯ ಮಾಡುತ್ತದೆ. ಹೊಟ್ಟೆಯ ಅಣುಜೀವಿಗಳಿಗೂ ಸಕ್ಕರೆ ಕಾಯಿಲೆಗೂ ಇರುವ ನಂಟು ಇದೇ.

ಈಗ ಪ್ರೋಬಯಾಟಿಕ್ ಎಂಬ ಹೆಸರಿಗೆ ಬರೋಣ. ವಿಶ್ವಸಂಸ್ಥೆಯ ಆಹಾರ ಸಂಸ್ಥೆಯೂ ವಿಶ್ವ ಆರೋಗ್ಯ ಸಂಸ್ಥೆಯೂ ಕರೆದ ತಜ್ಞರ ಸಭೆ 2001ರಲ್ಲಿ ಇದಕ್ಕೆ ಒಂದು ಅರ್ಥವನ್ನು ಗೊತ್ತುಮಾಡಿತು. ಜೀವಂತವಾಗಿರಬೇಕು, ಸಾಕಷ್ಟು ಪ್ರಮಾಣದಲ್ಲಿರಬೇಕು, ತಿಂದವರಿಗೆ ಆರೋಗ್ಯದ ಪ್ರಯೋಜನವಾಗಬೇಕು. ಇಂಥ ಅಣುಜೀವಿಗಳಿಗೆ ಮಾತ್ರ ಆ ಹೆಸರು. ನಮ್ಮ ದೇಶದಲ್ಲಿಯೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಗಳು ಸೇರಿ 2011ರಲ್ಲಿ ಮಾರ್ಗಸೂಚಿ ಹೊರಡಿಸಿದವು.

ಈ ಅರ್ಥದಲ್ಲಿ ನಮ್ಮ ಮನೆಯ ಮೊಸರು ಪ್ರೋಬಯಾಟಿಕ್ಕೇ? ಕಟ್ಟುನಿಟ್ಟಾಗಿ ಹೇಳಿದರೆ ಅಲ್ಲ. ಅದರಲ್ಲಿ ಜೀವಂತ ಅಣುಜೀವಿಗಳು ಧಾರಾಳವಾಗಿವೆ. ಆದರೆ ಯಾವ ತಳಿ, ಎಷ್ಟು, ಅದರಿಂದ ಇಂಥದೇ ಪ್ರಯೋಜನವೆಂದು ಪರೀಕ್ಷೆಯಾಗಿದೆಯೇ ಎಂಬುದು ಗೊತ್ತಿರುವುದಿಲ್ಲ. ಮನೆಮನೆಗೆ ಹೆಪ್ಪು ಬೇರೆ. ಇದರಿಂದ ಮೊಸರಿಗೆ ಅವಮಾನವೇನೂ ಇಲ್ಲ. ಅದು ಒಳ್ಳೆಯ ಆಹಾರ. ಔಷಧವೆಂಬ ಮುದ್ರೆ ಅದಕ್ಕಿಲ್ಲ, ಅಷ್ಟೆ.

ತಳಿಯ ಮಾತು ತಮಗೆ ಸುಲಭವಾಗಿ ತಿಳಿಯತಕ್ಕದ್ದು. ರಾಗಿ ಎಂದರೆ ಸಾಲದು. ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ನವರು ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ಅನಂತರ ಬಂದ ಜಿ.ಪಿ.ಯು.-28 ಬೆಂಕಿರೋಗವನ್ನು ತಡೆಯಿತು. ಬೆಂಕಿರೋಗ ಬರುವ ಹೊಲದಲ್ಲಿ ಆ ರೋಗಕ್ಕೆ ಸಿಕ್ಕುವ ತಳಿಯನ್ನು ಬಿತ್ತಿ, ‘ಇದೂ ರಾಗಿಯೇ ತಾನೆ’ ಎಂದರೆ ಬೆಳೆ ಉಳಿಯುವುದೇ? ರೈಜೋಬಿಯಂ ಪೊಟ್ಟಣವೂ ಹಾಗೆಯೇ. ಸೋಯಾ ಅವರೆಗೆ ಮಾಡಿದ್ದನ್ನು ಕಡಲೆ ಬೀಜಕ್ಕೆ ಲೇಪಿಸಿದರೆ ಬೇರಿನಲ್ಲಿ ಗಂಟು ಕಟ್ಟುವುದಿಲ್ಲ. ಪ್ರೋಬಯಾಟಿಕ್ಕಿನಲ್ಲಿಯೂ ಒಂದು ತಳಿ ಭೇದಿಗೆ ಉಪಕರಿಸಿದರೆ, ಅದರ ದಾಯಾದಿ ತಳಿಯೇ ಅದೇ ಭೇದಿಗೆ ನಿಷ್ಪ್ರಯೋಜಕವಾಗಬಹುದು. ‘ಎಲ್ಲ ಕಾಯಿಲೆಗೂ ಒಂದೇ ಪುಡಿ’ ಎಂದು ಮಾರುವವನು, ಎಲ್ಲ ಹೊಲಕ್ಕೂ ಒಂದೇ ಬೀಜ ಮಾರುವವನಂತೆ.

ಸರಿಯಾದ ತಳಿ ಸರಿಯಾದ ಕಡೆ ಬಿದ್ದರೆ ಫಲ ಎಷ್ಟು ದೊಡ್ಡದೆಂಬುದಕ್ಕೆ ನಮ್ಮ ದೇಶದ ಹಳ್ಳಿಗಳೇ ಸಾಕ್ಷಿ. ಒಡಿಶಾದ ಗ್ರಾಮಗಳಲ್ಲಿ 4,500ಕ್ಕೂ ಹೆಚ್ಚು ನವಜಾತ ಶಿಶುಗಳ ಮೇಲೆ ಒಂದು ಪ್ರಯೋಗ ನಡೆಯಿತು. ಹುಟ್ಟಿದ ಕೆಲವೇ ದಿನಗಳಲ್ಲಿ, ಒಂದು ವಾರ ಕಾಲ, ಆರಿಸಿದ ಒಂದು ತಳಿಯನ್ನೂ ಅದರ ಮೇವಾದ ಒಂದು ಬಗೆಯ ನಾರನ್ನೂ ಕೂಡಿಸಿ ಕುಡಿಸಿದರು. ನಂಜು ಏರಿದ ಅಥವಾ ಸತ್ತ ಮಕ್ಕಳ ಪ್ರಮಾಣ ನೂರಕ್ಕೆ 9ರಿಂದ 5.4ಕ್ಕೆ ಇಳಿಯಿತು. ಡಾಕ್ಟರ್ ಪಿನಾಕಿ ಪಾಣಿಗ್ರಾಹಿ ಮತ್ತು ಅವರ ಸಂಗಡಿಗರು 2017ರಲ್ಲಿ ಇದನ್ನು ಪ್ರಕಟಿಸಿದರು. ಗಮನಿಸಿ, ಅವರು ಬೀಜದ ಜೊತೆಗೆ ಗೊಬ್ಬರವನ್ನೂ ಕೊಟ್ಟರು. ಇದನ್ನು ಕೇಳಿ ಯಾರೂ ತಾವಾಗಿಯೇ ಕೂಸಿಗೆ ಏನನ್ನೂ ಕುಡಿಸತಕ್ಕದ್ದಲ್ಲ. ಆರು ತಿಂಗಳವರೆಗೆ ಎದೆಹಾಲಲ್ಲದೆ ಬೇರೆ ಬೇಡ. ಅದರಲ್ಲೇ ಕೂಸಿನ ಕರುಳಿನ ಒಳ್ಳೆಯ ಅಣುಜೀವಿಗಳಿಗೆ ಬೇಕಾದ ಸಕ್ಕರೆಗಳಿವೆ.

ಹಾಗಾದರೆ ಸಕ್ಕರೆ ಕಾಯಿಲೆಯ ಸಂಗತಿ ಏನು? ಈ ಕಾಯಿಲೆ ಪಟ್ಟಣದವರದು ಎಂಬ ಕಾಲ ಹೋಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆಯೊಂದು 2023ರಲ್ಲಿ ಹೊರಬಂದಿತು. ಅದರಂತೆ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ. ಹಳ್ಳಿಗಾಡಿನ ವಯಸ್ಕರಲ್ಲಿ ನೂರಕ್ಕೆ ಸುಮಾರು 9 ಮಂದಿಗೆ ಇದೆ. ನಮ್ಮ ಸೀಮೆಯಲ್ಲಿ ಬೋರ್‌ವೆಲ್, ಟಿಲ್ಲರು, ಮೋಟಾರು ಸೈಕಲ್ಲು ಬಂದವು. ಎರಡು ಹೊತ್ತಿನ ಮುದ್ದೆಯ ಜಾಗದಲ್ಲಿ ಪಾಲಿಷ್ ಅಕ್ಕಿ ಕುಳಿತಿತು. ದಿನಕ್ಕೆ ನಾಲ್ಕು ಲೋಟ ಸಕ್ಕರೆ ಕಾಫಿ, ಟೀ. ಮಂದೆಗೆ ಮೇವಿಲ್ಲ, ಮೈಗೆ ದುಡಿಮೆ ಕಡಿಮೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದ್ದರೆ ಪಾಲಿಷ್ ಅಕ್ಕಿಯಲ್ಲಿ 3 ಗ್ರಾಮೂ ಇಲ್ಲ.

ಹೀಗೆಂದ ಮಾತ್ರಕ್ಕೆ ಮುದ್ದೆಯನ್ನು ಎಷ್ಟು ಬೇಕಾದರೂ ನುಂಗಬಹುದೆಂದು ತಿಳಿಯಬಾರದು. ರಾಗಿಯಲ್ಲೂ ಹಿಟ್ಟಿದೆ, ಹಿಟ್ಟು ಸಕ್ಕರೆಯೇ ಆಗುತ್ತದೆ. ನುಣ್ಣಗೆ ಬೀಸಿ, ಜರಡಿ ಹಿಡಿದು, ಹೊಟ್ಟನ್ನು ಕೋಳಿಗೆ ಹಾಕಿ, ಉಳಿದ ನಯವಾದ ಹಿಟ್ಟಿನಿಂದ ತೆಂಗಿನಕಾಯಿ ಗಾತ್ರದ ಮುದ್ದೆ ಕಟ್ಟಿದರೆ ಸಕ್ಕರೆ ಏರದೆ ಇರುತ್ತದೆಯೇ? ಹಿಟ್ಟನ್ನು ಜರಡಿಯಾಡದೆ ಬಳಸಬೇಕು. ಮುದ್ದೆ ಚಿಕ್ಕದಾಗಲಿ, ಪಕ್ಕದಲ್ಲಿ ಬಸ್ಸಾರು, ಮಸ್ಸೊಪ್ಪು, ಹುರುಳಿಕಾಳು ಹೆಚ್ಚಾಗಲಿ.

ಪ್ರೋಬಯಾಟಿಕ್ ಕೊಟ್ಟು ಸಕ್ಕರೆ ಕಾಯಿಲೆಯವರಲ್ಲಿ ಪರೀಕ್ಷಿಸಿದ ಪ್ರಯೋಗಗಳು ಹಲವು ನಡೆದಿವೆ. ಒಟ್ಟು ನೋಡಿದಾಗ ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ ಸ್ವಲ್ಪ ತಗ್ಗುತ್ತದೆ. ಸ್ವಲ್ಪ ಎಂಬ ಮಾತನ್ನು ದಯವಿಟ್ಟು ನೆನಪಿಡಿ. ಮೂರು ತಿಂಗಳ ಸರಾಸರಿಯನ್ನು ತಿಳಿಸುವ ರಕ್ತ ಪರೀಕ್ಷೆಯಲ್ಲಿ ಮೆಟ್‌ಫಾರ್ಮಿನ್ ಮಾತ್ರೆ ಸುಮಾರು ಒಂದು ಅಂಶದಷ್ಟು ಇಳಿಸಿದರೆ, ಪ್ರೋಬಯಾಟಿಕ್ ಇಳಿಸುವುದು ಅದರ ಒಂದು ಸಣ್ಣ ಪಾಲು ಮಾತ್ರ. ಮತ್ತೊಂದು ಸ್ವಾರಸ್ಯವಿದೆ. ಮೆಟ್‌ಫಾರ್ಮಿನ್ ಕೂಡ ತನ್ನ ಕೆಲಸದಲ್ಲಿ ಸ್ವಲ್ಪ ಭಾಗವನ್ನು ಕರುಳಿನ ಅಣುಜೀವಿಗಳ ಮೂಲಕವೇ ಮಾಡುತ್ತದೆಂದು ಈಚಿನ ಸಂಶೋಧನೆಗಳು ತೋರಿಸಿವೆ. ಮಾತ್ರೆಯನ್ನು ಬಿಟ್ಟು ಪುಡಿ ತಿನ್ನುವವನು ಈ ಎರಡು ಲಾಭಗಳನ್ನೂ ಕಳೆದುಕೊಳ್ಳುತ್ತಾನೆ.

ಮೊಸರಿನ ವಿಷಯದಲ್ಲಿ 2024ರ ಮಾರ್ಚಿಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಒಂದು ಮಾತಿಗೆ ಅನುಮತಿ ಕೊಟ್ಟಿತು. ವಾರಕ್ಕೆ ಕನಿಷ್ಠ ಎರಡು ಬಟ್ಟಲು ಮೊಸರು ತಿಂದರೆ ಎರಡನೆಯ ಬಗೆಯ ಸಕ್ಕರೆ ಕಾಯಿಲೆ ಬರುವ ಸಂಭವ ಕಡಿಮೆಯಾಗಬಹುದು, ಆದರೆ ಇದಕ್ಕಿರುವ ಪುರಾವೆ ಮಿತವಾದದ್ದು ಎಂದು ಡಬ್ಬಿಯ ಮೇಲೆ ಬರೆಯಬಹುದು. ಬರುವ ಸಂಭವ ಕಡಿಮೆಯಾಗಬಹುದು ಎಂದರೇ ಹೊರತು, ಬಂದದ್ದು ಹೋಗುತ್ತದೆ ಎನ್ನಲಿಲ್ಲ. ನಮ್ಮ ಮನೆಗಳಲ್ಲಿ ವಾರಕ್ಕೆ ಎರಡು ಬಟ್ಟಲು ಎಂದರೆ ಹೆಂಗಸರು ನಕ್ಕಾರು. ಆದರೂ ಹಾಲನ್ನೆಲ್ಲ ಡೈರಿಗೆ ಸುರಿದು ಮನೆಯ ಮಕ್ಕಳಿಗೆ ಮಜ್ಜಿಗೆಯೂ ಇಲ್ಲದ ಮನೆಗಳನ್ನು ನಾನು ಕಂಡಿದ್ದೇನೆ. ಹಾಲಿನ ಸಂಘಕ್ಕೆ ಹಾಕಬೇಡಿ ಎನ್ನುವುದಿಲ್ಲ. ಒಂದು ಲೀಟರನ್ನು ಹೆಪ್ಪಿಗೆ ತೆಗೆದಿಡಿ.

ಮನಸ್ಸಿನ ವಿಷಯ ಇನ್ನೂ ನಾಜೂಕಿನದು. ಹೊಟ್ಟೆಗೂ ಮನಸ್ಸಿಗೂ ನಂಟಿದೆ ಎಂಬುದನ್ನು ನಾವು ಮಾತಿನಲ್ಲೇ ಒಪ್ಪಿದ್ದೇವೆ. ಹೊಟ್ಟೆಕಿಚ್ಚು, ಹೊಟ್ಟೆ ಉರಿ, ಕರುಳು ಚುರುಕ್ ಎಂದಿತು ಎಂಬ ಮಾತುಗಳು ಸುಮ್ಮನೆ ಹುಟ್ಟಿದವಲ್ಲ. ಮೆದುಳಿನಿಂದ ಹೊಟ್ಟೆಯವರೆಗೆ ವೇಗಸ್ ಎಂಬ ಉದ್ದವಾದ ನರ ಹರಿದಿದೆ. ಅದರಲ್ಲಿ ಸುದ್ದಿ ಮೇಲಿನಿಂದ ಕೆಳಕ್ಕೆ ಬರುವುದಕ್ಕಿಂತ ಕೆಳಗಿನಿಂದ ಮೇಲಕ್ಕೆ ಹೋಗುವುದೇ ಹೆಚ್ಚು. ಸೆರೊಟೋನಿನ್ ಎಂಬ ದ್ರವ್ಯದ ನೂರಕ್ಕೆ ಸುಮಾರು 90 ಭಾಗ ಕರುಳಿನಲ್ಲೇ ತಯಾರಾಗುತ್ತದೆ. ಇದನ್ನು ಹೇಳಿ ‘ಸಂತೋಷವೆಲ್ಲ ಹೊಟ್ಟೆಯಲ್ಲೇ ಇದೆ’ ಎಂದು ಪುಡಿ ಮಾರುವವರಿದ್ದಾರೆ. ಆದರೆ ಕರುಳಿನ ಸೆರೊಟೋನಿನ್ ನೇರವಾಗಿ ಮೆದುಳಿಗೆ ದಾಟದು. ಮೆದುಳು ತನಗೆ ಬೇಕಾದುದನ್ನು ತಾನೇ ಮಾಡಿಕೊಳ್ಳುತ್ತದೆ.

2011ರಲ್ಲಿ ಐರ್ಲೆಂಡ್ ದೇಶದ ಕಾರ್ಕ್ ಪಟ್ಟಣದ ವಿಜ್ಞಾನಿಗಳು ಒಂದು ತಳಿಯ ಅಣುಜೀವಿಯನ್ನು ಇಲಿಗಳಿಗೆ ತಿನ್ನಿಸಿದರು. ಇಲಿಗಳ ಹೆದರಿಕೆ ತಗ್ಗಿತು. ವೇಗಸ್ ನರವನ್ನು ಕತ್ತರಿಸಿದ ಇಲಿಗಳಲ್ಲಿ ತಗ್ಗಲಿಲ್ಲ. ಸುದ್ದಿ ಆ ನರದ ಮೂಲಕವೇ ಹೋಗುತ್ತಿದೆ ಎಂದಾಯಿತು. ಲೋಕವೆಲ್ಲ ಕೊಂಡಾಡಿತು. ಆದರೆ ಅವರ ಊರಿನವರೇ ಅದೇ ತಳಿಯನ್ನು 29 ಮಂದಿ ಆರೋಗ್ಯವಂತ ಗಂಡಸರಿಗೆ ಕೊಟ್ಟು ನೋಡಿದಾಗ ಏನೂ ಆಗಲಿಲ್ಲ. 2017ರಲ್ಲಿ ಅದನ್ನು ಮುಚ್ಚಿಡದೆ ಪ್ರಕಟಿಸಿದರು. ನನಗೆ ಈ ಎರಡನೆಯ ಪ್ರಬಂಧದ ಮೇಲೆಯೇ ಗೌರವ ಹೆಚ್ಚು. ಪ್ರಾತ್ಯಕ್ಷಿಕೆಯ ತಾಕಿನಲ್ಲಿ ಬೆಳೆದದ್ದು ರೈತನ ಹೊಲದಲ್ಲಿ ಬೆಳೆಯದಿದ್ದರೆ ಅದನ್ನೂ ಬರೆಯಬೇಕಾದದ್ದು ನ್ಯಾಯ.

ಅದೇ ವರ್ಷ ಕೆನಡಾದಲ್ಲಿ ಮತ್ತೊಂದು ಪ್ರಯೋಗ ಬಂದಿತು. ಕರುಳು ಆಗಾಗ ಕೆಡುವ, ಜೊತೆಗೆ ಮನಸ್ಸೂ ಕುಗ್ಗಿದ್ದ 44 ಮಂದಿಯಲ್ಲಿ ಅರ್ಧ ಜನಕ್ಕೆ ಬೇರೆ ಒಂದು ತಳಿಯನ್ನೂ ಉಳಿದರ್ಧಕ್ಕೆ ಬರಿಯ ಪುಡಿಯನ್ನೂ ಆರು ವಾರ ಕೊಟ್ಟರು. ತಳಿ ಪಡೆದ 22 ಮಂದಿಯಲ್ಲಿ 14 ಮಂದಿಗೆ ಮನಸ್ಸಿನ ಕುಗ್ಗುವಿಕೆ ತಗ್ಗಿತು. ಬರಿಯ ಪುಡಿ ತಿಂದವರಲ್ಲಿ 7 ಮಂದಿಗೆ ತಗ್ಗಿತು. ಆಶಾದಾಯಕವೇ ಸರಿ. ಆದರೆ 44 ಮಂದಿಯೆಂದರೆ ನಮ್ಮ ಒಂದು ಬೀದಿಯಷ್ಟು ಜನ. ಬರಿಯ ಪುಡಿಯಿಂದಲೂ ಏಳು ಜನಕ್ಕೆ ಹಾಯೆನಿಸಿತೆಂಬುದನ್ನೂ ನೋಡಿ. ಸಂತೆಯ ಡಬ್ಬಿಯನ್ನು ‘ನನಗೆ ಗುಣವಾಯಿತು’ ಎಂದು ಹೊಗಳುವವರು ಸುಳ್ಳು ಹೇಳುತ್ತಾರೆಂದಲ್ಲ. ಆ ಏಳು ಜನರ ಪೈಕಿಯವರು ಇರಬಹುದು.

ನನಗೆ ಇದಕ್ಕಿಂತ ಹೆಚ್ಚು ಮೆಚ್ಚಿಗೆಯಾದದ್ದು ಆಸ್ಟ್ರೇಲಿಯಾದ ಪ್ರಯೋಗ. ಅದೂ 2017ರದೇ. ಮನೋವ್ಯಾಕುಲದಿಂದ ನರಳುತ್ತಿದ್ದ 67 ಮಂದಿಯಲ್ಲಿ ಕೆಲವರಿಗೆ ಕಾಳು, ತರಕಾರಿ, ಹಣ್ಣು, ಹೊಟ್ಟಿರುವ ಧಾನ್ಯ ತಿನ್ನಲು ಹೇಳಿಕೊಟ್ಟರು. ಉಳಿದವರ ಜೊತೆ ಅಷ್ಟೇ ಹೊತ್ತು ಕುಳಿತು ಸ್ನೇಹದಿಂದ ಮಾತನಾಡಿದರು. ಹನ್ನೆರಡು ವಾರಗಳಾದ ಮೇಲೆ ಊಟ ಬದಲಿಸಿದವರಲ್ಲಿ ನೂರಕ್ಕೆ 32 ಮಂದಿ, ಮಾತನಾಡಿದವರಲ್ಲಿ 8 ಮಂದಿ ಚೇತರಿಸಿಕೊಂಡಿದ್ದರು. ಪುಡಿಯಲ್ಲ, ಡಬ್ಬಿಯಲ್ಲ, ಊಟ. ಇವರಲ್ಲಿ ಹಲವರು ಔಷಧವನ್ನೂ ತೆಗೆದುಕೊಳ್ಳುತ್ತಿದ್ದರು, ಅದನ್ನು ಬಿಡಿಸಲಿಲ್ಲ.

ಮನಸ್ಸಿನ ಬೇನೆಯನ್ನು ನಮ್ಮಲ್ಲಿ ಗಾಳಿ, ಗ್ರಹ ಎನ್ನುತ್ತಾರೆ, ಇಲ್ಲವೇ ಸೋಮಾರಿತನವೆನ್ನುತ್ತಾರೆ. ಬೋರ್‌ವೆಲ್ಲು ಬತ್ತಿದಾಗ, ಗೂಡಿನ ಧಾರಣೆ ಬಿದ್ದಾಗ, ಸಾಲದವರು ಬಾಗಿಲಿಗೆ ಬಂದಾಗ ಯಾರಿಗಾದರೂ ಬೇಸರವಾಗುವುದು ಸಹಜ. ಆದರೆ ಎರಡು ವಾರ ಕಳೆದರೂ ನಿದ್ರೆ ಬಾರದೆ, ಊಟ ಸೇರದೆ, ಹೊಲದ ಕಡೆ ಹೋಗಲೂ ಮನಸ್ಸಿಲ್ಲದೆ, ಬದುಕೇ ಬೇಡವೆಂಬ ಯೋಚನೆ ಬರುತ್ತಿದ್ದರೆ ಅದು ಕಾಯಿಲೆ. ಅದಕ್ಕೆ ಮಜ್ಜಿಗೆ ಮದ್ದಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1970ರ ದಶಕದಲ್ಲೇ ಬನ್ನೇರುಘಟ್ಟದ ಬಳಿಯ ಸಕಲವಾರದಲ್ಲಿ ಕೇಂದ್ರ ತೆರೆದು, ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಈ ಕಾಯಿಲೆಗಳನ್ನು ಗುರುತಿಸಲು ಕಲಿಸಿದರು. ಹಳ್ಳಿಯಲ್ಲೇ ಗುರುತಿಸಿ ಹಳ್ಳಿಯಲ್ಲೇ ಔಷಧ ಕೊಡಬಹುದೆಂದು ಆಗಲೇ ತೋರಿಸಿಕೊಟ್ಟರು. 2022ರ ಅಕ್ಟೋಬರ್ 10ರಂದು ಟೆಲಿ-ಮಾನಸ್ ಎಂಬ ದೂರವಾಣಿ ಸೇವೆ ಪ್ರಾರಂಭವಾಯಿತು. 14416 ಎಂಬ ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ ಮಾತನಾಡಬಹುದು, ಹಣವಿಲ್ಲ, ಕನ್ನಡದಲ್ಲೇ ಮಾತನಾಡುತ್ತಾರೆ. ಈ ಸಂಖ್ಯೆಯನ್ನು ಪಂಚಾಯತಿ ಗೋಡೆಯ ಮೇಲೆ ಬರೆಸಿ ಎಂದು ಕೇಳಿಕೊಳ್ಳುತ್ತೇನೆ.

ಇನ್ನು ಮನೆಯಲ್ಲಿ ಮಾಡಬೇಕಾದ ಕೆಲಸ. ಹಾಲನ್ನು ಕಡ್ಡಾಯವಾಗಿ ಉಕ್ಕಿಸಿ ಕಾಯಿಸಬೇಕು. ಕಾಯಿಸದ ಹಾಲಿನಿಂದ ಕ್ಷಯವೂ, ಹಸು ಕಂದು ಹಾಕುವ ಬ್ರುಸೆಲ್ಲಾ ರೋಗವೂ ಮನುಷ್ಯರಿಗೆ ಅಂಟುತ್ತವೆ. ಹಸಿಹಾಲಿನ ಮೊಸರು ರುಚಿಯೆನ್ನುವವರು ಈ ಮಾತನ್ನು ಕೇಳಲಿ. ಬೆರಳಿಗೆ ಉಗುರುಬೆಚ್ಚಗಾಗುವಷ್ಟು ಆರಿದ ಮೇಲೆ ಹೆಪ್ಪು ಹಾಕಿ. ಬಿಸಿಗೆ ಹಾಕಿದರೆ ಹೆಪ್ಪಿನ ಜೀವ ಹೋಗುತ್ತದೆ. ಇದೇ ಕಾರಣದಿಂದ ಮಜ್ಜಿಗೆ ಹುಳಿಯಲ್ಲಿ, ಬೆಂದ ಇಡ್ಲಿಯಲ್ಲಿ, ದೋಸೆಯಲ್ಲಿ ಜೀವಂತ ಅಣುಜೀವಿಗಳು ಇರುವುದಿಲ್ಲ. ಹುಳಿಯುವಾಗ ಅವು ಮಾಡಿಟ್ಟ ಉಪಕಾರ ಮಾತ್ರ ಉಳಿದಿರುತ್ತದೆ.

ಅಂಬಲಿಯನ್ನು ನಮ್ಮ ಅಜ್ಜಿಯಂದಿರು ಮಾಡುತ್ತಿದ್ದ ಕ್ರಮ ಬಹಳ ವಿವೇಕದ್ದು. ರಾಗಿ ಹಿಟ್ಟನ್ನು ನೀರಿನಲ್ಲಿ ಕಲಸಿ ಒಂದು ರಾತ್ರಿ ಹುಳಿಯಲು ಬಿಟ್ಟು, ಬೆಳಿಗ್ಗೆ ಗಂಜಿಯಂತೆ ಕಾಯಿಸಿ, ಆರಿದ ಮೇಲೆ ಮಜ್ಜಿಗೆ, ಈರುಳ್ಳಿ ಸೇರಿಸುವುದು. ಹುಳಿಯುವಾಗ ರಾಗಿಯಲ್ಲಿರುವ ಫೈಟಿಕ್ ಆಮ್ಲ ಒಡೆಯುತ್ತದೆ. ಅದು ಕಬ್ಬಿಣವನ್ನೂ ಸುಣ್ಣವನ್ನೂ ಹಿಡಿದಿಟ್ಟುಕೊಂಡು ರಕ್ತಕ್ಕೆ ಹೋಗಗೊಡದ ಪದಾರ್ಥ. ರಕ್ತಹೀನತೆಯಿರುವ ಹೆಂಗಸರಿಗೆ ಇದೊಂದೇ ದೊಡ್ಡ ಲಾಭ. ಕಾಯಿಸುವುದರಿಂದ ಬೇಡದ ಕ್ರಿಮಿ ಸಾಯುತ್ತದೆ. ಆರಿದ ಮೇಲೆ ಹಾಕಿದ ಮಜ್ಜಿಗೆಯಿಂದ ಜೀವಂತ ಅಣುಜೀವಿ ಸಿಗುತ್ತದೆ. ರಾಗಿಯ ನಾರು ಅವಕ್ಕೆ ಮೇವಾಗುತ್ತದೆ. ಒಡಿಶಾದಲ್ಲಿ ಬೀಜವನ್ನೂ ಗೊಬ್ಬರವನ್ನೂ ಕೂಡಿಸಿ ಕೊಟ್ಟರೆಂದೆನಲ್ಲ, ಒಂದು ಚೊಂಬು ಅಂಬಲಿಯಲ್ಲಿ ಎರಡೂ ಇವೆ. ಉಪ್ಪು ಮಾತ್ರ ಹಿಡಿತದಲ್ಲಿರಲಿ, ರಕ್ತದೊತ್ತಡವಿರುವವರು ಚಿಟಿಕೆಗೆ ನಿಲ್ಲಿಸಲಿ. ಬೆಲ್ಲ ಹಾಕಿದ ಅಂಬಲಿ ಸಕ್ಕರೆ ಕಾಯಿಲೆಯವರಿಗೆ ಬೇಡ.

ಮೊಸರಿನ ಕೀರ್ತಿಯನ್ನು ಜಗತ್ತಿಗೆ ಸಾರಿದವರು ಪ್ಯಾರಿಸ್ಸಿನ ಪ್ಯಾಶ್ಚರ್ ಸಂಸ್ಥೆಯಲ್ಲಿದ್ದ ಇಲ್ಯಾ ಮೆಚ್ನಿಕಾಫ್. ಬಲ್ಗೇರಿಯಾದ ರೈತರು ಹುಳಿಹಾಲು ಕುಡಿದು ದೀರ್ಘಾಯುಷಿಗಳಾಗಿದ್ದಾರೆಂದು ಅವರು ವಾದಿಸಿದರು. 1908ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದದ್ದು ಬೇರೆ ಸಂಶೋಧನೆಗೆ, ಮೊಸರಿಗಲ್ಲ. ತಾವೂ ನಿಯಮವಾಗಿ ಹುಳಿಹಾಲು ಕುಡಿದು 1916ರಲ್ಲಿ 71ನೆಯ ವಯಸ್ಸಿನಲ್ಲಿ ತೀರಿಕೊಂಡರು. ಒಳ್ಳೆಯ ವಯಸ್ಸೇ, ನೂರಲ್ಲ. ಅವರ ಮಾತಿನಲ್ಲಿ ಸ್ವಲ್ಪ ಉತ್ಪ್ರೇಕ್ಷೆಯಿತ್ತು. ಆದರೆ ಹುಳಿ ಬಂದ ಆಹಾರದಿಂದ ಕರುಳು ಬದಲಾಗುತ್ತದೆಂಬ ಅವರ ಊಹೆ ಪೂರ್ತಿ ಪೊಳ್ಳಲ್ಲ. 2021ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು 36 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೊಸರಿನಂಥ ಹುಳಿ ಬಂದ ಆಹಾರಗಳನ್ನು ಹತ್ತು ವಾರ ಹೆಚ್ಚಾಗಿ ಕೊಟ್ಟರು. ಆ ಗುಂಪಿನವರ ಕರುಳಿನಲ್ಲಿ ಅಣುಜೀವಿಗಳ ಬಗೆಗಳು ಹೆಚ್ಚಿದವು, ರಕ್ತದಲ್ಲಿ ಉರಿಯೂತದ ಗುರುತುಗಳು ತಗ್ಗಿದವು.

ಅಣುಜೀವಿಗಳನ್ನು ಕೊಲ್ಲುವ ಔಷಧಗಳ ಬಗ್ಗೆಯೂ ಎರಡು ಮಾತು ಹೇಳಬೇಕು. ಕೆಚ್ಚಲು ಬಾವಿಗೆ ಸೂಜಿ ಹಾಕಿಸಿದ ಹಸುವಿನ ಹಾಲು ಕೆಲವು ದಿನ ಹೆಪ್ಪಾಗದೆ ಹಾಗೆಯೇ ಉಳಿಯುವುದನ್ನು ತಾವು ಕಂಡಿರಬಹುದು. ಹಾಲಿನಲ್ಲಿ ಉಳಿದ ಔಷಧ ಹೆಪ್ಪನ್ನು ಕೊಲ್ಲುತ್ತದೆ. ಪಶುವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಡೈರಿಗೂ ಹಾಕಬಾರದು, ಮನೆಗೂ ಬಳಸಬಾರದು. ನಾವು ನೆಗಡಿಗೆಂದು ಅಂಗಡಿಯಲ್ಲಿ ಕೇಳಿ ತಂದು ನುಂಗುವ ಆಂಟಿಬಯಾಟಿಕ್ ಕೂಡ ನಮ್ಮ ಕರುಳಿನಲ್ಲಿ ಇದೇ ಕೆಲಸ ಮಾಡುತ್ತದೆ. ವೈದ್ಯರು ಬೇಕೆಂದಾಗ ಪೂರ್ತಿ ತೆಗೆದುಕೊಳ್ಳಿ, ಬೇಡವೆಂದಾಗ ಮುಟ್ಟಬೇಡಿ. ಆ ಮೇಲೆ ಪ್ರೋಬಯಾಟಿಕ್ ತಿಂದು ಸರಿಮಾಡಿಕೊಳ್ಳುತ್ತೇನೆ ಎಂಬ ಲೆಕ್ಕವೂ ಯಾವಾಗಲೂ ನಿಲ್ಲದು. 2018ರಲ್ಲಿ ಇಸ್ರೇಲಿನ ವಿಜ್ಞಾನಿಗಳು ನೋಡಿದಾಗ, ಆಂಟಿಬಯಾಟಿಕ್ ಆದ ಮೇಲೆ ಪ್ರೋಬಯಾಟಿಕ್ ತಿಂದವರ ಕರುಳಿನಲ್ಲಿ ಸ್ವಂತ ಅಣುಜೀವಿಗಳು ಹಿಂದಿರುಗುವುದು ತಡವಾಯಿತು. ಹೊರಗಿನ ಮಂದೆ ಬಂದು ಹುಲ್ಲುಗಾವಲನ್ನು ಹಿಡಿದರೆ ಊರಿನ ಮಂದೆಗೆ ಜಾಗವೆಲ್ಲಿ?

ತೀರ ಕಾಯಿಲೆಯಾದವರಿಗೆ ಇವು ಅಪಾಯವೂ ಆಗಬಹುದು. ನೆದರ್‌ಲೆಂಡ್ಸ್‌ನಲ್ಲಿ ಮೇದೋಜೀರಕ ಗ್ರಂಥಿಯ ಊತದಿಂದ ಮಲಗಿದ್ದ ರೋಗಿಗಳಿಗೆ ಪ್ರೋಬಯಾಟಿಕ್ ಕೊಟ್ಟ ಪ್ರಯೋಗದಲ್ಲಿ, ಕೊಟ್ಟ 152 ಮಂದಿಯಲ್ಲಿ 24 ಮಂದಿ ಸತ್ತರು. ಕೊಡದ 144 ಮಂದಿಯಲ್ಲಿ 9 ಮಂದಿ ಸತ್ತರು. 2008ರಲ್ಲಿ ಇದು ಪ್ರಕಟವಾಯಿತು. ದಿನ ತುಂಬದೆ ಹುಟ್ಟಿದ ಕೂಸುಗಳು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಆಸ್ಪತ್ರೆಯಲ್ಲಿ ಅತಿ ನಿತ್ರಾಣರಾದವರು, ಇವರಿಗೆ ವೈದ್ಯರನ್ನು ಕೇಳದೆ ಇಂಥ ಪುಡಿಯನ್ನು ಕೊಡತಕ್ಕದ್ದಲ್ಲ.

ಆದಾಗ್ಯೂ ಯಾರಾದರೂ ಡಬ್ಬಿಯನ್ನು ಕೊಳ್ಳಲೇಬೇಕೆಂದಿದ್ದರೆ ಬೀಜದ ಚೀಲದ ಚೀಟಿ ಓದುವಂತೆ ಅದರ ಚೀಟಿಯನ್ನು ಓದಿ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ 2016ರ ನಿಯಮಾವಳಿ ದಿನದ ಅಳತೆಯಲ್ಲಿ ಸಾಮಾನ್ಯವಾಗಿ ಕನಿಷ್ಠ 10 ಕೋಟಿ ಜೀವಂತ ಅಣುಜೀವಿಗಳಿರಬೇಕೆಂದು ಗೊತ್ತುಮಾಡಿತು. ತಳಿಯ ಪೂರ್ತಿ ಹೆಸರು, ಸಂಖ್ಯೆ, ಅವಧಿ ಮುಗಿಯುವ ದಿನ, ಯಾವ ತಂಪಿನಲ್ಲಿಡಬೇಕು ಎಂಬುದು ಕಾಣಬೇಕು. ಬಿಸಿಲಿನಲ್ಲಿ ಸಂತೆಯ ನೆಲದ ಮೇಲೆ ಹರಡಿದ ಡಬ್ಬಿಯಲ್ಲಿ ಎಷ್ಟು ಜೀವ ಉಳಿದೀತು, ತಾವೇ ಊಹಿಸಿ. ರೈಜೋಬಿಯಂ ಪೊಟ್ಟಣವನ್ನು ನೆರಳಿನಲ್ಲಿಡಿ ಎಂದು ನಾನು ಪ್ರತಿ ವರ್ಷ ಹೇಳುವುದು ಇದಕ್ಕೇ. ಆ ಡಬ್ಬಿಯ ಬೆಲೆಗೆ ಎಷ್ಟು ಸೇರು ಹುರುಳಿ ಬರುತ್ತದೆಂಬುದನ್ನೂ ಅಲ್ಲೇ ಲೆಕ್ಕ ಹಾಕಿ.

ಮೂವತ್ತು ವರ್ಷ ದಾಟಿದ ಗಂಡಸರು, ಹೆಂಗಸರು ಎಲ್ಲರೂ ತಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಕ್ಕರೆಯನ್ನೂ ರಕ್ತದೊತ್ತಡವನ್ನೂ ಪರೀಕ್ಷೆ ಮಾಡಿಸಿಕೊಳ್ಳಬಹುದು. ಅದಕ್ಕೆ ಹಣವಿಲ್ಲ. ಆಶಾ ಕಾರ್ಯಕರ್ತೆಯರನ್ನು ಕೇಳಿದರೆ ಯಾವ ದಿನ ಬರಬೇಕೆಂದು ತಿಳಿಸುತ್ತಾರೆ. ಈಗಾಗಲೇ ಮಾತ್ರೆ ನುಂಗುತ್ತಿರುವವರು ಚೀಟಿಯನ್ನು ತಪ್ಪದೆ ಜೊತೆಯಲ್ಲಿ ತನ್ನಿ. ಯಾವುದಾದರೂ ಪುಡಿಯನ್ನೋ ಕಷಾಯವನ್ನೋ ತೆಗೆದುಕೊಳ್ಳುತ್ತಿದ್ದರೆ ಸಂಕೋಚಪಡದೆ ಆ ಡಬ್ಬಿಯನ್ನೂ ತಂದು ವೈದ್ಯರಿಗೆ ತೋರಿಸಿ.